ರಾಜ್ಯಪಾಲರನ್ನು ನಾವೇ ಆರಿಸಬೇಕು ಅಂತಿತ್ತು, ಗೊತ್ತಾ? 1949ರ ಚರ್ಚೆ ಮತ್ತು ನಮ್ಮ ಇವತ್ತಿನ ಜಗಳ

ಕರಡುಪ್ರತಿ:

ಟಿವಿ ಚರ್ಚೆಗಳಲ್ಲಿ ಒಂದು ಮಾತನ್ನು ದಿನಾ ಕೇಳುತ್ತೇವೆ. "ಇದು ಸಂವಿಧಾನ ಬರೆದವರ ಆಶಯಕ್ಕೆ ವಿರುದ್ಧ." ರಾಜ್ಯಪಾಲರ ವಿಷಯ ಬಂದರಂತೂ ಎರಡೂ ಕಡೆಯವರು ಇದನ್ನು ಜೇಬಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಮಸೂದೆ ತಡೆದರೆ ಆಶಯಕ್ಕೆ ವಿರುದ್ಧ. ತಡೆಯಬೇಡಿ ಅಂದರೂ ಆಶಯಕ್ಕೆ ವಿರುದ್ಧ. ಸರಿ, ಆ ಆಶಯ ಏನಿತ್ತು ನೋಡೇಬಿಡೋಣ ಅಂತ ಸಂವಿಧಾನ ಸಭೆಯ 1949ರ ಮೇ 30 ಮತ್ತು 31ರ ಚರ್ಚೆಯನ್ನು ಕೂತು ಓದಿದೆ. ಓದುವ ಮೊದಲು ನನಗಿದ್ದ ಧೈರ್ಯ ಓದಿದ ಮೇಲೆ ಉಳಿಯಲಿಲ್ಲ.

ಕಥೆ ಹೀಗಿದೆ. 1947ರ ಜುಲೈನಲ್ಲಿ ಪಟೇಲರ ಅಧ್ಯಕ್ಷತೆಯ ಸಮಿತಿ ಪ್ರಾಂತ್ಯಗಳಿಗೆ ಒಂದು ಮಾದರಿ ಕೊಟ್ಟಿತು. ಅದರ ಪ್ರಕಾರ ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಬೇಕು. ವಯಸ್ಕರೆಲ್ಲರ ಮತದಿಂದ. ಸಭೆ ಒಪ್ಪಿಯೂ ಬಿಟ್ಟಿತು. 1948ರ ಕರಡಿಗೆ ಬರುವಷ್ಟರಲ್ಲಿ ಸ್ವಲ್ಪ ಅನುಮಾನ ಹುಟ್ಟಿತ್ತು. ಅಲ್ಲಿ ಎರಡು ದಾರಿ ಬರೆದಿದ್ದರು. ಒಂದು, ನೇರ ಚುನಾವಣೆ. ಇನ್ನೊಂದು, ಶಾಸಕರು ನಾಲ್ಕು ಹೆಸರು ಆರಿಸಿ ಕೊಡುವುದು, ಅದರಲ್ಲಿ ಒಬ್ಬರನ್ನು ರಾಷ್ಟ್ರಪತಿ ನೇಮಿಸುವುದು. ಎರಡರಲ್ಲೂ ರಾಜ್ಯದ ಕೈ ಇತ್ತು.

ಮೇ 30ರಂದು ಬ್ರಜೇಶ್ವರ ಪ್ರಸಾದ್ ಒಂದು ತಿದ್ದುಪಡಿ ತಂದರು. ಎರಡೂ ಬೇಡ, ರಾಷ್ಟ್ರಪತಿಯೇ ನೇಮಿಸಲಿ ಅಂತ. ಅದೇ ಗೆದ್ದಿತು.

ಯಾಕೆ ಮನಸ್ಸು ಬದಲಾಯಿತು? ಕಾರಣಗಳು ಸುಳ್ಳೇನಲ್ಲ. ಜನರೇ ಆರಿಸಿದ ರಾಜ್ಯಪಾಲ, ಜನರೇ ಆರಿಸಿದ ಮುಖ್ಯಮಂತ್ರಿ, ಒಂದೇ ಮನೆಯಲ್ಲಿ ಇಬ್ಬರು ಯಜಮಾನರು. ಜಗಳ ಖಂಡಿತ. ಇನ್ನೊಂದು ಕಾರಣ ಆ ಕಾಲದ್ದು. ದೇಶ ಒಡೆದು ಎರಡು ವರ್ಷವೂ ಆಗಿರಲಿಲ್ಲ. ಪ್ರಾಂತ್ಯಗಳು ತಮ್ಮ ದಾರಿ ತಾವು ಹಿಡಿದಾವು ಅನ್ನುವ ಭಯ ನೆಹರೂ ಮಾತಲ್ಲಿ ಎದ್ದು ಕಾಣುತ್ತದೆ. ಅಂಬೇಡ್ಕರ್ ಲೆಕ್ಕ ಬೇರೆ. ರಾಜ್ಯಪಾಲರು ಆಡಳಿತದಲ್ಲಿ ಕೈ ಹಾಕುವ ಹಾಗೇ ಇಲ್ಲ ಅಂದಮೇಲೆ ಆರಿಸಿದರೇನು, ನೇಮಿಸಿದರೇನು ಅನ್ನುವುದು ಅವರ ನಿಲುವು. ರಾಜ್ಯಪಾಲರಿಗೆ ತಾವಾಗಿಯೇ ಮಾಡುವ ಕೆಲಸ ಒಂದೂ ಇಲ್ಲ, ಕೆಲವು ಕರ್ತವ್ಯಗಳು ಮಾತ್ರ ಇವೆ ಅಂತಲೂ ಅವರು ಹೇಳಿದರು.

ನಾನು ಇಲ್ಲಿಯವರೆಗೆ ಏನು ತಿಳಿದಿದ್ದೆ ಅಂದರೆ, ಪಾಪ ಅವರು ಒಳ್ಳೆಯವರು, ಮುಂದೆ ಹೀಗೆಲ್ಲ ಆಗುತ್ತೆ ಅಂತ ಅವರಿಗೆ ಹೊಳೆಯಲಿಲ್ಲ ಅಂತ. ತಪ್ಪು. ಹೊಳೆದಿತ್ತು. ಒಡಿಶಾದ ಬಿಶ್ವನಾಥ ದಾಸ್ ಎದ್ದು ನಿಂತು ಅವತ್ತೇ ಕೇಳಿದ್ದರು. ದೆಹಲಿಯಲ್ಲಿ ಒಂದು ಪಕ್ಷ, ಪ್ರಾಂತ್ಯದಲ್ಲಿ ಇನ್ನೊಂದು ಪಕ್ಷ ಬಂದರೆ ಏನು ಗತಿ ಅಂತ. ಆಗ ಎಲ್ಲ ಕಡೆ ಒಂದೇ ಪಕ್ಷದ ಸರ್ಕಾರ ಇದ್ದಿದ್ದು ನೆನಪಿಡಿ.

ಅದಕ್ಕೆ ಸಿಕ್ಕ ಉತ್ತರ ಏನು? ಬರವಣಿಗೆಯಲ್ಲಿ ಏನೂ ಇಲ್ಲ. ಮಾತಲ್ಲಿ ಸಿಕ್ಕಿತು. ಹೊರರಾಜ್ಯದವರನ್ನು, ಗಣ್ಯರನ್ನು, ರಾಜಕೀಯದಲ್ಲಿ ಅಷ್ಟಾಗಿ ಮುಳುಗದವರನ್ನು ತರೋಣ ಅಂದರು ನೆಹರೂ. ರಾಜ್ಯದ ಮಂತ್ರಿಮಂಡಲವನ್ನು ಕೇಳಿ ನೇಮಿಸುವ ರೂಢಿ ಬೆಳೆಯಬೇಕು ಅಂದರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ರೂಢಿ! ವಿಧಿಯಲ್ಲಿ ಇದ್ದದ್ದು ನೇಮಕ ಒಂದೇ. ಉಳಿದದ್ದೆಲ್ಲ ರೂಢಿ.

ಹಾಗಾಗಿ ನನ್ನ ಪ್ರಶ್ನೆ ಇಷ್ಟೆ. "ಆಶಯ" ಅಂದರೆ ಯಾವುದು? ಅವರು ಬರೆದ ಅಕ್ಷರವಾ, ಬರೆಯದೆ ನಂಬಿಕೊಂಡ ರೂಢಿಯಾ? ಎರಡೂ ಬೇರೆ ಬೇರೆ ಕಡೆ ಎಳೆಯುತ್ತಿವೆ.

ಹುಬ್ಬಳ್ಳಿ ಚುರುಮುರಿ:

ರೂಢಿ ನಂಬಿದವರಿಗೆ ಏನಾಯಿತು ಅನ್ನಲು ಬೇರೆ ರಾಜ್ಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೊಮ್ಮಾಯಿಯವರ ಕಥೆಯನ್ನೇ ಹೇಳುತ್ತೇನೆ. ಕೇಸಿನ ಹೆಸರು ಎಲ್ಲರಿಗೂ ಗೊತ್ತು, ಆ ಒಂದು ವಾರ ಏನಾಯಿತು ಅನ್ನೋದು ಜಾಸ್ತಿ ಜನರಿಗೆ ಗೊತ್ತಿಲ್ಲ.

1988ರ ಆಗಸ್ಟ್‌ನಲ್ಲಿ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆದರು. 1989ರ ಏಪ್ರಿಲ್ ಮಧ್ಯದಲ್ಲಿ ಸಂಪುಟ ವಿಸ್ತರಣೆ ಮಾಡಿದರು. ಸಂಪುಟ ವಿಸ್ತರಣೆ ಅಂದರೆ ಜಗಳಕ್ಕೆ ಮುಹೂರ್ತ ಅಂತಲೇ ಅರ್ಥ, ಅಂದೂ ಇಂದೂ. ಎರಡೇ ದಿನದಲ್ಲಿ ಒಬ್ಬ ಶಾಸಕರು ರಾಜ್ಯಪಾಲರ ಹತ್ತಿರ ಪತ್ರಗಳ ಕಟ್ಟು ತೆಗೆದುಕೊಂಡು ಹೋದರು. 19 ಪತ್ರ. ಬೆಂಬಲ ವಾಪಸ್ ಅಂತ. ರಾಜ್ಯಪಾಲರು ಪಿ. ವೆಂಕಟಸುಬ್ಬಯ್ಯ. ಅವರು ದೆಹಲಿಗೆ ವರದಿ ಕಳಿಸಿದರು.

ಮಾರನೇ ದಿನ ಆ 19 ಜನರಲ್ಲಿ 7 ಮಂದಿ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಬೊಮ್ಮಾಯಿ ಕೇಳಿದ್ದು ಒಂದೇ. ಸದನ ಕರೆಯಿರಿ, ಬೇಕಾದರೆ ಅಧಿವೇಶನ ಮುಂಚೆಯೇ ಇಡಿ, ಅಲ್ಲೇ ಎಣಿಸೋಣ. ರಾಜ್ಯಪಾಲರು ಒಪ್ಪಲಿಲ್ಲ. ಇನ್ನೊಂದು ವರದಿ ಹೋಯಿತು. ಏಪ್ರಿಲ್ 21ಕ್ಕೆ ಸರ್ಕಾರವೇ ಇಲ್ಲ. ವಿಧಾನಸೌಧದಲ್ಲಿ ಆಗಬೇಕಾದ ಎಣಿಕೆ ರಾಜಭವನದ ಕೋಣೆಯಲ್ಲಿ ಆಗಿಹೋಯಿತು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ಸದನದಲ್ಲೇ ನೋಡಬೇಕು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯ ಮೂರೂ ಕಡೆ ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ. ಆದರೆ ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ನಡುವೆ ಚುನಾವಣೆ ಆಗಿ ವೀರೇಂದ್ರ ಪಾಟೀಲರು ಬಂದಿದ್ದರು. ಅವರೂ ಹೋಗಿದ್ದರು. ಬಂಗಾರಪ್ಪ ಬಂದು ಹೋಗಿದ್ದರು. ಮೊಯ್ಲಿ ಕೂತಿದ್ದರು. ಬೊಮ್ಮಾಯಿ ಕೇಸು ಗೆದ್ದರು, ಕುರ್ಚಿ ಸಿಗಲಿಲ್ಲ.

ಕೆಎಎಸ್ ಮೂರನೇ ಪ್ರಯತ್ನ:

ಸರ್, ಒಂದು ಡೌಟು. ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿ "ಸತ್ತ ಅಕ್ಷರ" ಆಗಿ ಉಳಿಯಲಿ ಅಂತ ಅಂಬೇಡ್ಕರ್ ಹೇಳಿದ್ದು ಯಾವತ್ತು? ಕೋಚಿಂಗ್ ನೋಟ್ಸಿನಲ್ಲಿ ಬರೀ "ಅಂಬೇಡ್ಕರ್ ಹೇಳಿಕೆ" ಅಂತಿದೆ. ಮತ್ತೆ ಅವರಿಗೇ ಅನುಮಾನ ಇದ್ದರೆ ಯಾಕೆ ಹಾಕಿದರು?

ಕರಡುಪ್ರತಿ:

1949ರ ಆಗಸ್ಟ್ 4. ಇಂಥ ವಿಧಿಗಳು ಬಳಕೆಗೇ ಬರಬಾರದು, ಸತ್ತ ಅಕ್ಷರವಾಗಿಯೇ ಉಳಿಯಲಿ ಅನ್ನುವುದು ಅವರ ನಿರೀಕ್ಷೆ. ಈ ವಿಧಿಯ ದುರ್ಬಳಕೆ ಆಗಬಹುದು ಅನ್ನುವುದನ್ನು ಅವರು ಅಲ್ಲಗಳೆಯಲಿಲ್ಲ. ಹಾಗಿದ್ದರೂ ಇಟ್ಟುಕೊಂಡರು. ಸತ್ತ ಅಕ್ಷರ ಮುಂದೆ ನೂರಕ್ಕೂ ಹೆಚ್ಚು ಸಲ ಎದ್ದು ಕೂತಿತು.

ಆದರೆ ಈ ಚರ್ಚೆಯಲ್ಲಿ ನನಗೆ ಇಷ್ಟವಾದವರು ಬೇರೆ. ಎಚ್.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಕೆಲಸ ಬಿಟ್ಟು ಸುಭಾಷರ ಫಾರ್ವರ್ಡ್ ಬ್ಲಾಕ್ ಸೇರಿದವರು. ಸಭೆಗೆ ಹೋಗಿದ್ದು ಮಾತ್ರ ಮಧ್ಯಪ್ರಾಂತ್ಯದಿಂದ. ಎಲ್ಲಿ ಒಂದು ಪದ ಸಡಿಲವಾಗಿ ಕೂತಿದೆಯೋ ಅಲ್ಲಿ ಕಾಮತರು ಎದ್ದು ನಿಂತಿರುತ್ತಾರೆ. ಓದುವಾಗ ಆಮೇಲಾಮೇಲೆ ನಗು ಬರುತ್ತದೆ, ಓ ಬಂದರು ಅಂತ.

356ರಲ್ಲಿ ರಾಜ್ಯಪಾಲರ ವರದಿ ಬಂದ ಮೇಲೆ "ಅಥವಾ ಬೇರೆ ರೀತಿಯಿಂದ" ರಾಷ್ಟ್ರಪತಿಗೆ ಮನವರಿಕೆಯಾದರೆ ಅಂತ ಇದೆಯಲ್ಲ, ಆ "ಬೇರೆ ರೀತಿ" ಅನ್ನುವುದನ್ನು ಕಾಮತರು ಪೈಶಾಚಿಕ ಪದ ಅಂತ ಕರೆದರು. ಅದನ್ನು ತೆಗೆಯಲಿ ಅಂತ ದೇವರನ್ನು ಬೇಡುತ್ತೇನೆ ಅಂದರು. ದೇವರು ಅವತ್ತು ಸಭೆಗೆ ಬಂದಿರಲಿಲ್ಲ ಅಂತ ಕಾಣುತ್ತದೆ. ರಾಜ್ಯಪಾಲರ "ವಿವೇಚನೆ" ಅನ್ನುವ ಪದವನ್ನು ಕಿತ್ತು ಹಾಕಿ ಅಂತ 1949ರ ಜೂನ್ 1ರಂದು ತಿದ್ದುಪಡಿ ತಂದದ್ದೂ ಕಾಮತರೇ. ಅದೂ ಸೋತಿತು. ಆ ಪದ ಇವತ್ತಿಗೂ 163ನೇ ವಿಧಿಯಲ್ಲಿ ಕೂತಿದೆ. ಅಷ್ಟೇ ಅಲ್ಲ, ಯಾವುದು ವಿವೇಚನೆಗೆ ಬಿಟ್ಟದ್ದು ಅನ್ನುವ ಪ್ರಶ್ನೆ ಎದ್ದರೆ ಅದನ್ನು ತೀರ್ಮಾನಿಸುವವರೂ ರಾಜ್ಯಪಾಲರೇ!

ಎರಡೂ ಕಡೆ ನೋಡಿ:

ಚೆನ್ನಾಗಿದೆ. ಆದರೆ ಇಲ್ಲಿ ಎಲ್ಲರೂ ತಮಗೆ ಬೇಕಾದ ವರ್ಷ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನಾನು ಉಳಿದದ್ದು ಹೇಳುತ್ತೇನೆ.

1977ರಲ್ಲಿ ಜನತಾ ಸರ್ಕಾರ ಬಂದ ಕೂಡಲೇ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತಿತು. ತುರ್ತು ಪರಿಸ್ಥಿತಿ ವಿರುದ್ಧ ಹೋರಾಡಿ ಬಂದವರೇ ಮಾಡಿದ್ದು. ಅದೇ ವರ್ಷ ಡಿಸೆಂಬರ್ 31ಕ್ಕೆ ನಮ್ಮ ದೇವರಾಜ ಅರಸು ಸರ್ಕಾರವನ್ನೂ ಕಳಿಸಿದರು. ಎರಡು ತಿಂಗಳಲ್ಲಿ ಚುನಾವಣೆ ನಡೆದು ಅರಸು ವಾಪಸ್ ಬಂದರು, ಅದು ಬೇರೆ ಮಾತು. 1980ರಲ್ಲಿ ಇಂದಿರಾ ಬಂದು ಒಂಬತ್ತು ಕಿತ್ತರು. ಲೆಕ್ಕ ಸಮ. ನಮ್ಮಲ್ಲಿ 2010ರಲ್ಲಿ ಯಡಿಯೂರಪ್ಪ ಸರ್ಕಾರ ಇದ್ದಾಗ ರಾಜ್ಯಪಾಲರು ಎಚ್.ಆರ್. ಭಾರದ್ವಾಜ್, ಕಾಂಗ್ರೆಸ್ಸಿನ ಕೇಂದ್ರ ಮಂತ್ರಿಯಾಗಿದ್ದವರು. ರಾಷ್ಟ್ರಪತಿ ಆಳ್ವಿಕೆ ತನ್ನಿ ಅಂತ 2010ರಲ್ಲಿ ಒಂದು ಸಲ, 2011ರಲ್ಲಿ ಮತ್ತೊಂದು ಸಲ ಶಿಫಾರಸು ಮಾಡಿದರು. ಆಗ ಬಿಜೆಪಿಯವರಿಗೆ ಒಕ್ಕೂಟ ವ್ಯವಸ್ಥೆ ನೆನಪಾಗಿತ್ತು. 2018ರಲ್ಲಿ ರಾಜಭವನದಲ್ಲಿ ವಜುಭಾಯಿ ವಾಲಾ. ಆಗ ಕಾಂಗ್ರೆಸ್ಸಿನವರಿಗೆ ನೆನಪಾಯಿತು.

ಮತ್ತೆ, ಬರೀ ರಾಜ್ಯಪಾಲರನ್ನೇ ಯಾಕೆ ಹಿಡಿಯುತ್ತೀರಿ? 2010ರ ಅಕ್ಟೋಬರಿನಲ್ಲಿ ವಿಶ್ವಾಸಮತದ ಮುಂಚೆ ಸ್ಪೀಕರ್ ಬೋಪಯ್ಯ ಅವರು 16 ಶಾಸಕರನ್ನು ಅನರ್ಹ ಮಾಡಿದರು. 11 ಮಂದಿ ಬಿಜೆಪಿ, 5 ಮಂದಿ ಪಕ್ಷೇತರರು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸದನದಲ್ಲೇ ಎಣಿಸಿ ಅಂತೀರಿ. ಎಣಿಸುವವರೇ ತಲೆ ಕಮ್ಮಿ ಮಾಡಿದರೆ? ಆಗ ಯಾರಾದರೂ ಹೊರಗಿನವರು ಬೇಕಲ್ವಾ?

ಹುಬ್ಬಳ್ಳಿ ಚುರುಮುರಿ:

ಎರಡೂ ಕಡೆ ಅಣ್ಣ, ಈ ಮಾತು ಒಪ್ಪಿದೆ. ಪೂರ್ತಿ ಅಲ್ಲ. ಹೊರಗಿನವರು ಬೇಕು, ಆದರೆ ಅವರು ದೆಹಲಿಯ ಫೋನ್ ಕಾಯುವವರಾಗಿದ್ದರೆ ಹೊರಗಿನವರು ಹೇಗಾಗುತ್ತಾರೆ?

ತೀರ್ಪಿನಿಂದ ಏನೂ ಆಗಲಿಲ್ಲ ಅಂತ ಮಾತ್ರ ಅನ್ನಬೇಡಿ. 2018ರ ಮೇ ನೆನಪಿಸಿಕೊಳ್ಳಿ. ಬಿಜೆಪಿ 104. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಅದಕ್ಕಿಂತ ಜಾಸ್ತಿ. ಆದರೂ ಯಡಿಯೂರಪ್ಪನವರನ್ನು ಕರೆದು 15 ದಿನ ಕೊಟ್ಟರು. ರಾತ್ರೋರಾತ್ರಿ ಸುಪ್ರೀಂ ಕೋರ್ಟ್ ಬಾಗಿಲು ತೆರೆದು ಬೆಳಗಿನ ಜಾವದವರೆಗೆ ವಾದ ಕೇಳಿತು. ನಾನೂ ಎದ್ದು ಕೂತಿದ್ದೆ, ಮನೆಯವರ ಕೈಲಿ ಬೈಸಿಕೊಂಡೆ. ಪ್ರಮಾಣವಚನ ತಡೆಯಲಿಲ್ಲ. ಆದರೆ 15 ದಿನ ಹೋಗಿ ಮೇ 19ರ ಸಂಜೆ 4 ಗಂಟೆ ಆಯಿತು. ಯಡಿಯೂರಪ್ಪ ಮತ ಹಾಕಿಸದೆ ರಾಜೀನಾಮೆ ಕೊಟ್ಟರು. 1989ರಲ್ಲಿ ಬೊಮ್ಮಾಯಿ ಕೇಳಿ ಸಿಗದೇ ಇದ್ದದ್ದು ಇದೇ. ಒಂದು ದಿನಾಂಕ, ಒಂದು ಸದನ.

ಮುಂದಿನ ವರ್ಷ ಅದೇ ಅಸ್ತ್ರ ಬೇರೆ ದಿಕ್ಕಿಗೆ ತಿರುಗಿತು ಅನ್ನೋದೂ ನಿಜ. ಶಾಸಕರು ರಾಜೀನಾಮೆ ಕೊಟ್ಟು ಮುಂಬೈಯಲ್ಲಿ ಕೂತರು. ಮಧ್ಯಾಹ್ನ ಒಂದೂವರೆ ಒಳಗೆ ಬಹುಮತ ತೋರಿಸಿ ಅಂತ ರಾಜ್ಯಪಾಲರು ಬರೆದರು, ಆಮೇಲೆ ದಿನ ಮುಗಿಯುವುದರೊಳಗೆ ಅಂತ ಬರೆದರು. ಸದನ ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. 2019ರ ಜುಲೈ 23ಕ್ಕೆ 99–105ರಲ್ಲಿ ಕುಮಾರಸ್ವಾಮಿ ಸೋತರು. ಎಣಿಕೆ ಸದನದಲ್ಲೇ ಆಯಿತು, ಬೊಮ್ಮಾಯಿ ತೀರ್ಪಿನ ಪ್ರಕಾರ. ಸದನದ ಒಳಗೆ ಎಷ್ಟು ಜನ ಇರುತ್ತಾರೆ ಅನ್ನುವುದು ಮಾತ್ರ ರೆಸಾರ್ಟಿನಲ್ಲಿ ತೀರ್ಮಾನವಾಗಿತ್ತು. ಹಾಗೆ ಬಂದ ಸರ್ಕಾರಕ್ಕೆ ಎರಡು ವರ್ಷದ ನಂತರ ಮುಖ್ಯಮಂತ್ರಿ ಆದವರು ಯಾರು ಹೇಳಿ? ಬಸವರಾಜ ಬೊಮ್ಮಾಯಿ, ಎಸ್.ಆರ್. ಬೊಮ್ಮಾಯಿಯವರ ಮಗ.

ಡಲ್ಲಾಸ್ ಅತ್ತಿಗೆ:

ನಮಸ್ಕಾರ, ಇಲ್ಲಿ ರಾತ್ರಿ ಆಗಿದೆ, ಓದಿ ಮಲಗೋಣ ಅಂದುಕೊಂಡೆ, ನಿದ್ದೆ ಹೋಯಿತು. ಇಲ್ಲಿ ಟೆಕ್ಸಾಸಿನಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆ. ಯಾವ ಜಗಳವೂ ಇಲ್ಲವಲ್ಲ? ನಾವೂ ಹಾಗೇ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವಾ?

ಕರಡುಪ್ರತಿ:

ಅಕ್ಕ, ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಜಾಗ. ಸರ್ಕಾರ ನಡೆಸುವವರೇ ಅವರು. ಪಕ್ಕದಲ್ಲಿ ಇನ್ನೊಬ್ಬ ಯಜಮಾನ ಇಲ್ಲ. ನಮ್ಮಲ್ಲಿ ಹೆಸರು ಒಂದೇ ಇರಬಹುದು, ಹುದ್ದೆ ಬಂದಿದ್ದು ಬ್ರಿಟಿಷರಿಂದ.

ಆದರೆ "ಸ್ಥಾಪಕರ ಆಶಯ" ಅನ್ನುವ ಮಾತಿಗೆ ಅಲ್ಲಿ ಇಲ್ಲಿಗಿಂತ ಜಾಸ್ತಿ ಬೆಲೆ ಇದೆ ಅಲ್ವಾ? ಒಂದು ವ್ಯತ್ಯಾಸ ಗಮನಿಸಿ. ಅಮೆರಿಕದ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಭೆ ಬಾಗಿಲು ಹಾಕಿಕೊಂಡು ನಡೆದದ್ದು. ಮ್ಯಾಡಿಸನ್ ಬರೆದಿಟ್ಟುಕೊಂಡ ಟಿಪ್ಪಣಿ ಅಚ್ಚಾಗಿದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ. ನಮ್ಮದು ಬಾಗಿಲು ತೆರೆದು ನಡೆಯಿತು. ಯಾರು ಏನು ಅಂದರು, ಯಾರು ಮಧ್ಯೆ ಬಾಯಿ ಹಾಕಿದರು, ಎಲ್ಲ ಅಚ್ಚಿನಲ್ಲಿದೆ. ಹನ್ನೆರಡು ಸಂಪುಟ. ಅಷ್ಟಿದ್ದೂ ನಾವು ಓದದೆ "ಆಶಯ" ಅನ್ನುತ್ತೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಲೆನಾಡ ಗದ್ದೆ:

ನಾನು ಓದಿದವನಲ್ಲ, ಆದರೆ ಒಂದು ಮಾತು ಹೇಳಬೇಕು. ಅಂಬೇಡ್ಕರರು 1948ರ ನವೆಂಬರಿನಲ್ಲಿ ಕರಡು ಮಂಡಿಸುವಾಗ, ಭಾರತದಲ್ಲಿ ಪ್ರಜಾಪ್ರಭುತ್ವ ಅಂದರೆ ಮಣ್ಣಿನ ಮೇಲೆ ಹಾಕಿದ ಮೇಲುಗೊಬ್ಬರ ಅಷ್ಟೆ, ಒಳಗಿನ ಮಣ್ಣು ಪ್ರಜಾಪ್ರಭುತ್ವದ್ದಲ್ಲ ಅಂದಿದ್ದರು. ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವುದಿಲ್ಲ, ಬೆಳೆಸಿಕೊಳ್ಳಬೇಕು ಅಂತ ಅದೇ ಭಾಷಣದಲ್ಲಿದೆ. ನಮ್ಮ ಕಡೆ ಒಬ್ಬ ಮೇಷ್ಟ್ರು ಇದನ್ನು ಯಾವಾಗಲೂ ಹೇಳುತ್ತಿದ್ದರು. ನನಗೆ ಆಗ ನಗು ಬರುತ್ತಿತ್ತು. ಮೇಲುಗೊಬ್ಬರ ಅಂದರೆ ಏನು ಅಂತ ನನಗೆ ಗೊತ್ತಲ್ಲ!

ಮೇಲುಗೊಬ್ಬರ ಒಂದು ಸಲ ಹಾಕಿ ಮುಗಿಸುವಂಥದ್ದಲ್ಲ. ನಾಟಿ ಆದ ಮೇಲೆ ಹಾಕಬೇಕು, ಕಳೆ ತೆಗೆದ ಮೇಲೆ ಇನ್ನೊಮ್ಮೆ ಹಾಕಬೇಕು. ಗದ್ದೆಯಲ್ಲಿ ನೀರು ಜಾಸ್ತಿ ನಿಂತಿದ್ದಾಗ ಹಾಕಿದರೆ ಪಕ್ಕದವನ ಗದ್ದೆಗೆ ಹೋಗುತ್ತದೆ. ನೀವು ಹೇಳುವ ರೂಢಿಯೂ ಹಾಗೇ ಅಲ್ವಾ? 1949ರಲ್ಲಿ ಒಂದು ಸಲ ಹಾಕಿದರು. ಆಮೇಲೆ ಯಾರು ಹಾಕಿದರು?

ಹೈಕೋರ್ಟ್ ಕಾರಿಡಾರ್:

ಗದ್ದೆಯವರ ಮಾತಿಗೆ ಕೈ ಮುಗಿದೆ. ಮೂಲ ಬರಹಕ್ಕೆ ಮಾತ್ರ ಸ್ವಲ್ಪ ತಕರಾರಿದೆ. ಆಶಯ ಹುಡುಕಲು ಹೊರಟರೆ ಅದು ಯಾವಾಗಲೂ ನಿಮ್ಮ ಕಡೆಗೇ ಬರುತ್ತದೆ ಅಂತ ಇಲ್ಲ. ಮಸೂದೆಗಳ ವಿಷಯ ತೆಗೆದುಕೊಳ್ಳಿ.

ಕರಡಿನಲ್ಲಿ ರಾಷ್ಟ್ರಪತಿ ಮಸೂದೆ ವಾಪಸ್ ಕಳಿಸುವುದಿದ್ದರೆ ಆರು ವಾರದೊಳಗೆ ಕಳಿಸಬೇಕು ಅಂತ ಇತ್ತು. ಅದನ್ನು ಅಂಬೇಡ್ಕರರೇ ತೆಗೆದು "ಆದಷ್ಟು ಬೇಗ" ಅಂತ ಮಾಡಿದರು. ಈ ಪದಕ್ಕೆ ಹಿಡಿತವೇ ಇಲ್ಲ ಅಂತ ತಕರಾರು ಎತ್ತಿದವರು ಯಾರು? ಅದೇ ನಿಮ್ಮ ಕಾಮತರು. ಸೋತರು. ರಾಜ್ಯಪಾಲರಿಗೆ ಸಂಬಂಧಿಸಿದ 200ನೇ ವಿಧಿಯಲ್ಲೂ ಉಳಿದದ್ದು "ಆದಷ್ಟು ಬೇಗ".

ಈಗ ಇತ್ತೀಚಿನದು. ತಮಿಳುನಾಡಿನಲ್ಲಿ ಹತ್ತು ಮಸೂದೆಗಳು, ಅದರಲ್ಲಿ ಹಳೆಯದು 2020ರದ್ದು. ರಾಜ್ಯಪಾಲರು 2023ರ ನವೆಂಬರಿನಲ್ಲಿ ಒಪ್ಪಿಗೆ ತಡೆಹಿಡಿದರು. ವಿಧಾನಸಭೆ ಅದೇ ತಿಂಗಳು ಮತ್ತೆ ಪಾಸು ಮಾಡಿತು. ಆಗ ರಾಷ್ಟ್ರಪತಿಗೆ ಕಳಿಸಿಬಿಟ್ಟರು. 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದು ತಪ್ಪು ಅಂದರು. ಒಂದು ತಿಂಗಳು, ಮೂರು ತಿಂಗಳು ಅಂತ ಗಡುವು ಹಾಕಿದರು. ಆ ಹತ್ತಕ್ಕೂ ಒಪ್ಪಿಗೆ ಸಿಕ್ಕಿದೆ ಅಂತಲೇ ತಿಳಿಯಬೇಕು ಅಂದರು. ರಾಷ್ಟ್ರಪತಿ 14 ಪ್ರಶ್ನೆ ಕೇಳಿ ಕೋರ್ಟಿನ ಅಭಿಪ್ರಾಯ ಬೇಡಿದರು. 2025ರ ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳು ಹೇಳಿದ್ದೇನು? ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕುವ ಹಾಗಿಲ್ಲ. ಒಪ್ಪಿಗೆ ಸಿಕ್ಕಿತು ಅಂತ ಅಂದುಕೊಳ್ಳುವ ಹಾಗೂ ಇಲ್ಲ. ಆದರೆ ರಾಜ್ಯಪಾಲರು ಕಾರಣವಿಲ್ಲದೆ ಮಸೂದೆ ಮೇಲೆ ಕೂತೇ ಇದ್ದರೆ, ಏನಾದರೂ ಒಂದು ತೀರ್ಮಾನ ಮಾಡಿ ಅಂತ ಹೇಳಬಹುದು.

ನೀವು 1949ರ ಅಕ್ಷರ ಹಿಡಿದರೆ ನವೆಂಬರಿನ ಅಭಿಪ್ರಾಯವೇ ಅದಕ್ಕೆ ಹತ್ತಿರ. ಗಡುವು ಬೇಡ ಅಂತ ಬೇಕೆಂದೇ ತೆಗೆದವರು ಅವರೇ ಅಲ್ವಾ?

ಕರಡುಪ್ರತಿ:

ಇದನ್ನೇ ನಾನು ಮೊದಲ ಬರಹದಲ್ಲಿ ಧೈರ್ಯ ಹೋಯಿತು ಅಂದಿದ್ದು.

ಒಪ್ಪುತ್ತೇನೆ, ಅಕ್ಷರ ನಿಮ್ಮ ಕಡೆ ಇದೆ. ಆದರೆ ಆರು ವಾರವನ್ನು ಯಾಕೆ ತೆಗೆದರು? ತಡ ಮಾಡಲಿ ಅಂತಲಾ? "ಆದಷ್ಟು ಬೇಗ" ಅಂದರೆ ಆರು ವಾರಕ್ಕಿಂತ ಬೇಗವೂ ಆಗಬಹುದು ಅನ್ನುವ ಮನಸ್ಸಿನಿಂದ ಬರೆದ ಮಾತು ಅದು. ಮನೆಗೆ ಬಂದವರಿಗೆ "ಆದಷ್ಟು ಬೇಗ ಊಟಕ್ಕೆ ಬನ್ನಿ" ಅಂದರೆ ಮೂರು ವರ್ಷ ಬಿಟ್ಟು ಬರಬಹುದು ಅಂತ ಯಾರೂ ಅಂದುಕೊಳ್ಳುವುದಿಲ್ಲ. 2023ರ ಪಂಜಾಬ್ ಪ್ರಕರಣದಲ್ಲೂ ಕೋರ್ಟು ಇದೇ ಜಾಡು ಹಿಡಿದಿತ್ತು. ಒಪ್ಪಿಗೆ ತಡೆಯುವುದಾದರೆ ಮಸೂದೆಯನ್ನು ಸದನಕ್ಕೆ ವಾಪಸ್ ಕಳಿಸಲೇಬೇಕು, ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ.

ನನಗೆ ಈಗ ಅನಿಸುವುದು ಇದು. ನಾವು ಕೋರ್ಟಿಗೆ ಹೋಗಿ 1949ರವರ ಮನಸ್ಸಿನಲ್ಲಿ ಏನಿತ್ತು ಹೇಳಿ ಅಂತ ಕೇಳುತ್ತಿದ್ದೇವೆ. ಅವರ ಮನಸ್ಸಿನಲ್ಲಿ ಇದ್ದದ್ದು, ಮುಂದೆ ಬರುವವರು ಮರ್ಯಾದಸ್ಥರಾಗಿರುತ್ತಾರೆ ಅನ್ನುವ ಲೆಕ್ಕ. ಆ ಲೆಕ್ಕ ತಪ್ಪಿತು. ತಪ್ಪಿದ್ದನ್ನು ಸರಿ ಮಾಡುವ ಕೆಲಸ ಸಂಸತ್ತಿನದ್ದು. 368ನೇ ವಿಧಿ ಇದೆ, ತಿದ್ದುಪಡಿ ಮಾಡಿ ಆರು ವಾರ ಅಂತ ಬರೆಯಿರಿ. ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿತ್ತು, ಸಕ್ರಿಯ ರಾಜಕೀಯದಲ್ಲಿ ಇರುವವರನ್ನು ರಾಜ್ಯಪಾಲರಾಗಿ ಕಳಿಸಬೇಡಿ, ಮುಖ್ಯಮಂತ್ರಿಯನ್ನು ಕೇಳಿ ನೇಮಿಸಿ ಅಂತ. ಅದಾದ ಮೇಲೆ ದೆಹಲಿಯಲ್ಲಿ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಯಾರೂ ಬರೆಯಲಿಲ್ಲ. ಯಾಕೆ ಅಂದರೆ ಇವತ್ತು ಬೆಂಗಳೂರಿನಲ್ಲಿ ಕೂತು ಬೈಯುವವರು ನಾಳೆ ದೆಹಲಿಗೆ ಹೋಗುವ ಆಸೆ ಇಟ್ಟುಕೊಂಡಿರುತ್ತಾರೆ. ಹೋದ ಮೇಲೆ ಆ ಕೀಲಿ ಕೈ ಬೇಕಲ್ಲ.

ಹೈಕೋರ್ಟ್ ಕಾರಿಡಾರ್:

ಸಂಸತ್ತಿನ ಕೆಲಸ ಅಂದಿರಲ್ಲ, ಅಲ್ಲಿಗೆ ನಮ್ಮ ತಕರಾರು ಮುಗಿಯಿತು. ಊಟದ ಉದಾಹರಣೆಯನ್ನು ಕೋರ್ಟಿನಲ್ಲಿ ಹೇಳಬೇಡಿ. "ಆದಷ್ಟು" ಅನ್ನುವ ಪದದ ಮೇಲೆ ಎದುರು ವಕೀಲರು ಒಂದು ವಾರ ವಾದ ಮಾಡುತ್ತಾರೆ.

ಮಲ್ಲೇಶ್ವರಂ ಎಂಟನೇ ಅಡ್ಡರಸ್ತೆ:

ನನಗೆ ವಯಸ್ಸಾಗಿದೆ, ಮೊಬೈಲಿನಲ್ಲಿ ಬರೆಯುವುದು ನಿಧಾನ. ಮೈಸೂರಿನವರ ಅನುಭವ ಸ್ವಲ್ಪ ಬೇರೆ ಅಂತ ಹೇಳಬೇಕಿತ್ತು. ನಮಗೆ ರಾಜ್ಯಪಾಲರು ಅಂದರೆ ಮೊದಲು ಕಣ್ಣ ಮುಂದೆ ಬರುತ್ತಿದ್ದದ್ದು ಮಹಾರಾಜರೇ. ಜಯಚಾಮರಾಜ ಒಡೆಯರ್ 1950ರಿಂದ ರಾಜಪ್ರಮುಖರು, ಅಂದರೆ ಹಳೆಯ ಸಂಸ್ಥಾನದಲ್ಲಿ ರಾಜ್ಯಪಾಲರ ಜಾಗದಲ್ಲಿದ್ದವರು. 1956ರಲ್ಲಿ ಏಕೀಕರಣವಾದಾಗ ರಾಜ್ಯಪಾಲರು. 1964ರವರೆಗೆ ಇದ್ದು ಆಮೇಲೆ ಮದ್ರಾಸಿಗೆ ಹೋದರು. ಹೆಸರು ಮೂರು, ಮನುಷ್ಯ ಒಬ್ಬರೇ. ಹಾಗಾಗಿ ರಾಜ್ಯಪಾಲರು ದೆಹಲಿಯ ಕಡೆಯವರು ಅನ್ನುವ ಭಾವನೆ ನಮ್ಮ ಮನೆಗಳಲ್ಲಿ ಆಗ ಇರಲಿಲ್ಲ. ಅದು ಆಮೇಲೆ ಬಂದದ್ದು.

ಇನ್ನೊಂದು. ಸಂವಿಧಾನ ಸಭೆಯಲ್ಲಿ ಮೈಸೂರಿನಿಂದ ಕೆಂಗಲ್ ಹನುಮಂತಯ್ಯ ಇದ್ದರು. ನಮಗೆ ವೀಣೆಯ ಅಥವಾ ಸಿತಾರಿನ ಸಂಗೀತ ಬೇಕಿತ್ತು, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಅಂತ 1949ರ ನವೆಂಬರಿನಲ್ಲಿ ಅವರು ಅಂದದ್ದು ಪ್ರಸಿದ್ಧ. ಇಡೀ ಸಂವಿಧಾನಕ್ಕೆ ಆ ಮಾತು ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ. ರಾಜ್ಯಪಾಲರ ಹುದ್ದೆಗೆ ಮಾತ್ರ ಸರಿಯಾಗಿ ಕೂರುತ್ತದೆ. ನಮ್ಮ ರಾಜಭವನ ನೋಡಿ. ಅದು ಕಮಿಷನರ್ ಮಾರ್ಕ್ ಕಬ್ಬನ್ ತನಗೆ ಅಂತ 1840ರ ಸುಮಾರಿಗೆ ಕಟ್ಟಿಸಿಕೊಂಡ ಮನೆ. ಇತ್ತ ವಿಧಾನಸೌಧ ಹನುಮಂತಯ್ಯನವರೇ ಕಟ್ಟಿಸಿದ್ದು. ಎರಡರ ನಡುವೆ ನಡೆದೇ ಹೋಗಬಹುದಾದ ದೂರ. ಫೈಲು ಹೋಗಲು ಮಾತ್ರ ತಿಂಗಳುಗಳು ಬೇಕು.

ಎರಡೂ ಕಡೆ ನೋಡಿ:

ಅಜ್ಜ, ಇದೊಂದು ಸಾಲಿಗೆ ನಾನು ಇಡೀ ದಿನದ ಜಗಳ ಬಿಟ್ಟುಕೊಡುತ್ತೇನೆ.

ಆದರೂ ಕರಡುಪ್ರತಿಯವರಿಗೆ ಒಂದು ಪ್ರಶ್ನೆ. ಆರು ವಾರ ಅಂತ ಬರೆದುಬಿಟ್ಟರೆ ಮುಗಿಯಿತಾ? ಪಕ್ಷಾಂತರ ನಿಷೇಧವನ್ನು 1985ರಲ್ಲಿ ಬರೆದೇ ಇಟ್ಟರು. ಹತ್ತನೇ ಅನುಸೂಚಿ ಅಂತ ಒಂದು ಪೂರ್ತಿ ಅನುಸೂಚಿಯೇ ಇದೆ. ಬಿಡಿಬಿಡಿಯಾಗಿ ಹೋದರೆ ತಪ್ಪು, ಗುಂಪಾಗಿ ಹೋದರೆ ಸರಿ ಅಂತ ದಾರಿ ಕಂಡುಕೊಂಡರು. ಅದೂ ಕಷ್ಟ ಅಂದಾಗ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ನಿಲ್ಲುವ ದಾರಿ ಕಂಡುಕೊಂಡರು. 2019ರ 17 ಮಂದಿಯ ಅನರ್ಹತೆಯನ್ನು ಕೋರ್ಟು ಎತ್ತಿ ಹಿಡಿದು, ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ನಿಂತರು. ಹೆಚ್ಚಿನವರು ಗೆದ್ದೂ ಬಿಟ್ಟರು. ಬರೆದದ್ದನ್ನೂ ದಾಟುವವರ ಎದುರು ನಿಮ್ಮ ಆರು ವಾರ ಏನು ಮಾಡುತ್ತದೆ?

ಕರಡುಪ್ರತಿ:

ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಅರ್ಧ ಉತ್ತರ ಇದೆ. ಬರೆದದ್ದನ್ನು ದಾಟುವಾಗ ಒಂದು ಸದ್ದು ಆಗುತ್ತದೆ. ಕೋರ್ಟಿಗೆ ಹೋಗಬಹುದು, ತಾರೀಖು ತೋರಿಸಬಹುದು. 43ನೇ ದಿನ ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ. ರೂಢಿಯನ್ನು ದಾಟಿದರೆ ಸದ್ದೇ ಇಲ್ಲ. "ಅಂಥ ರೂಢಿ ಇತ್ತಾ?" ಅಂತ ಅವರೇ ನಮ್ಮನ್ನು ಕೇಳುತ್ತಾರೆ.

ಮಲೆನಾಡ ಗದ್ದೆ:

ಬೇಲಿ ಹಾಕಿದರೂ ದನ ನುಗ್ಗುತ್ತದೆ. ಹಾಗಂತ ಯಾರೂ ಬೇಲಿ ಬಿಟ್ಟಿಲ್ಲ. ಮಳೆ ಹಿಡಿಯುವ ಹಾಗಿದೆ, ನಾನು ಹೊರಟೆ.

ಕೆಎಎಸ್ ಮೂರನೇ ಪ್ರಯತ್ನ:

ಎಲ್ಲರಿಗೂ ಥ್ಯಾಂಕ್ಸ್, ಇಡೀ ಥ್ರೆಡ್ ಕಾಪಿ ಮಾಡಿ ನೋಟ್ಸಿಗೆ ಹಾಕಿಕೊಂಡೆ. ಕೊನೆಯ ಡೌಟು. ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಬಂದರೆ ಯಾವುದು ಟಿಕ್ ಮಾಡಲಿ? "ರಾಜ್ಯಪಾಲರು: (ಎ) ಜನರಿಂದ ನೇರವಾಗಿ ಆಯ್ಕೆಯಾಗುತ್ತಾರೆ (ಬಿ) ಶಾಸಕರು ಸೂಚಿಸಿದ ಹೆಸರುಗಳಿಂದ ನೇಮಕವಾಗುತ್ತಾರೆ (ಸಿ) ರಾಷ್ಟ್ರಪತಿಯಿಂದ ನೇಮಕವಾಗುತ್ತಾರೆ."

ಕರಡುಪ್ರತಿ:

1947ರ ಜುಲೈನಲ್ಲಿ ಪರೀಕ್ಷೆ ಇದ್ದರೆ ಎ. 1948ರಲ್ಲಿ ಇದ್ದರೆ ಎ ಹಾಕಿದರೂ ಬಿ ಹಾಕಿದರೂ ಮಾರ್ಕ್ಸ್ ಕೊಡಬೇಕು. ನಿಮ್ಮದು ಯಾವಾಗ ಇದೆಯೋ ನೋಡಿಕೊಂಡು ಸಿ ಟಿಕ್ ಮಾಡಿ.

ಕೆಎಎಸ್ ಮೂರನೇ ಪ್ರಯತ್ನ:

ನಮ್ಮದು ಯಾವಾಗ ಅಂತ ಇನ್ನೂ ತಾರೀಖೇ ಹೇಳಿಲ್ಲ ಸರ್. "ಆದಷ್ಟು ಬೇಗ" ಅಂದಿದ್ದಾರೆ.